ಹಿತ್ತಲಲ್ಲೊಂದು ಬಳ್ಳೊಳ್ಳಿ ಮಡಿ

ಹುಣ್ಣಿಮೆಯ ದಿನ ಹುಲಿಗಿಗೆ ಹೋಗಿದ್ದೀರಾ? ಹುಲಿಗೆಮ್ಮನ ದರ್ಶನಕ್ಕೆ ಬಂದವರಿಂದ ತುಂಗಭದ್ರೆಯ ದಂಡೆ ಕಿಕ್ಕಿರಿದಿರುತ್ತದೆ. ಮೂರು ಕಲ್ಲು ಹೂಡಿ ಅಡುಗೆಗೆ ಕೂತ ಮನೆಮಂದಿಯ ಒಗ್ಗರಣೆಯಿಂದ ಬಳ್ಳೊಳ್ಳಿಯ ಘಮ ಗಾಳಿಗೆ ಏಳುತ್ತದೆ. ಈ ಸೀಮೆಯಲ್ಲಿ ಬೆಳ್ಳುಳ್ಳಿಗೆ ಬಳ್ಳೊಳ್ಳಿ ಎಂದೇ ಹೆಸರು. ಈರುಳ್ಳಿ ಎಂದರೆ ಉಳ್ಳಾಗಡ್ಡಿ. ಜೋಳದ ರೊಟ್ಟಿಗೆ ಬಳ್ಳೊಳ್ಳಿ ಹಾಕಿ ಕುಟ್ಟಿದ ಕೆಂಪು ಖಾರವಿದ್ದರೆ ಊಟ ಸಾಗಿತು ಎಂದೇ ಲೆಕ್ಕ.

ಅಂಥ ಬಳ್ಳೊಳ್ಳಿಯೂ 2024ರ ಆರಂಭದಲ್ಲಿ ಕಿಲೋಗೆ 400 ರೂಪಾಯಿ ದಾಟಿತ್ತು. ಕಾಲು ಕಿಲೋ ಕೊಳ್ಳಲೂ ತಾಯಂದಿರು ಎರಡು ಸಲ ಯೋಚಿಸಿದ ದಿನಗಳವು. ಹಿತ್ತಲಲ್ಲಿ ಒಂದು ಚಿಕ್ಕ ಮಡಿ ಇದ್ದಿದ್ದರೆ?

ಕಾಲ ತಪ್ಪಿದರೆ ಗಡ್ಡೆ ಇಲ್ಲ

ನಾನು ಮೊದಲ ಸಲ ಬಳ್ಳೊಳ್ಳಿ ನೆಟ್ಟಿದ್ದು ಸಂಕ್ರಾಂತಿ ಕಳೆದ ಮೇಲೆ. ಎಲೆಗಳು ಚೆನ್ನಾಗಿಯೇ ಬಂದವು. ಮಾರ್ಚ್ ಬಿಸಿಲು ಬಿದ್ದಿದ್ದೇ ತಡ, ಎಲ್ಲವೂ ಒಣಗಿದವು. ಕಿತ್ತು ನೋಡಿದರೆ ಎಸಳೇ ಒಡೆಯದ ಗೋಲಿಯಂಥ ಗುಂಡುಗಳು! ಗಿಡ ಎಳೆಯದಿರುವಾಗ ತಂಪು ಸಿಗಬೇಕು, ಆಮೇಲೆ ಹಗಲು ಹಿಗ್ಗುತ್ತ ಬಿಸಿಲು ಏರಬೇಕು. ಆಗಲೇ ಗಡ್ಡೆ ಕಟ್ಟುವುದು ಎಂಬ ಪಾಠವನ್ನು ನಾನು ಕಲಿತದ್ದು ಹೀಗೆ. ಕೊಪ್ಪಳದಂಥ ಬಯಲುಸೀಮೆಯ ಕೈತೋಟಕ್ಕೆ ಅಕ್ಟೋಬರ್ ಮಧ್ಯದಿಂದ ನವೆಂಬರ್ ಮೊದಲ ವಾರಗಳವರೆಗೆ ತಕ್ಕ ಕಾಲ. ದಸರಾ ರಜೆಯಲ್ಲಿ ಮಡಿ ಸಿದ್ಧಮಾಡಿದರೆ ಆಯಿತು.

ಬೀಜಕ್ಕೆಂದು ದಪ್ಪ ಎಸಳಿನ ಗುಡ್ಡಗಾಡಿನ ಬೆಳ್ಳುಳ್ಳಿಯನ್ನು ಆರಿಸಬೇಡಿ. ಅದಕ್ಕೆ ಉದ್ದನೆಯ ಹಗಲು ಬೇಕು. ನಮ್ಮಲ್ಲಿ ಬರೀ ಎಲೆ ಬಿಡುತ್ತದೆ. ಗದಗ, ಹಾವೇರಿ ಕಡೆಯ ಜವಾರಿ ಗಡ್ಡೆಯೇ ವಾಸಿ.

ಮಡಿಯ ಲೆಕ್ಕ

ವಿದ್ಯಾರ್ಥಿಗಳೇ, ಈಗ ಸ್ವಲ್ಪ ಗಣಿತ. ಸಾಲಿನಿಂದ ಸಾಲಿಗೆ 15 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 10 ಸೆಂಟಿಮೀಟರ್ ಅಂತರವಿಟ್ಟರೆ ಒಂದು ಚದರ ಮೀಟರಿನಲ್ಲಿ ಎಷ್ಟು ಗಿಡ? ಸುಮಾರು 66. ಪ್ರತಿ ಗಡ್ಡೆ 15ರಿಂದ 20 ಗ್ರಾಂ ತೂಗಿದರೆ ಒಂದು ಕಿಲೋ ಅಥವಾ ತುಸು ಹೆಚ್ಚು. ವರ್ಷದ ಖರ್ಚಿಗೆ ಇದು ಸಾಲದು, ನಿಜ. ಆದರೆ ಬೆಲೆ ಏರಿದ ತಿಂಗಳಲ್ಲಿ ಅಡುಗೆಮನೆಗೆ ಆಸರೆಯಾದೀತು.

ಎರೆಮಣ್ಣು ಒಣಗಿದಾಗ ಕಲ್ಲಿನಂತಾಗಿ ಗಡ್ಡೆಯನ್ನು ಅದುಮುತ್ತದೆ. ಆದ್ದರಿಂದ ಮರಳು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿ ಏರುಮಡಿ ಮಾಡಿ. ಎಸಳುಗಳನ್ನು ಸಿಪ್ಪೆ ಸಮೇತ ಬಿಡಿಸಿ, ದಪ್ಪನೆಯವನ್ನು ಆರಿಸಿ, ಮೊನೆ ಮೇಲಾಗಿ ಮೂರು ಸೆಂಟಿಮೀಟರ್ ಆಳಕ್ಕೆ ಊರಿ. ಹಿತ್ತಲಿಲ್ಲದವರಿಗೆ ಒಂದು ಗೇಣು ಆಳದ, ತಳದಲ್ಲಿ ತೂತುಳ್ಳ ಹಳೆಯ ಬುಟ್ಟಿಯೂ ಸಾಕು. ಬಿಸಿಲು ಮಾತ್ರ ಬೇಕೇ ಬೇಕು.

ಪಕ್ಕದಲ್ಲೇ ಸಾಂಬಾರ್ ಈರುಳ್ಳಿಯ ಒಂದು ಸಾಲು ಹಾಕಿ. ಒಂದು ಗಡ್ಡೆ ನೆಟ್ಟರೆ ಅದೇ ಒಡೆದು ಐದಾರು ಮರಿ ಗಡ್ಡೆಗಳ ಗೊಂಚಲಾಗುತ್ತದೆ. 65ರಿಂದ 75 ದಿನಗಳ ಬೆಳೆ. ನವೆಂಬರ್ ಮೊದಲಿಗೆ ನೆಟ್ಟಿದ್ದು ಸಂಕ್ರಾಂತಿಯ ಹೊತ್ತಿಗೆ ಕೈಗೆ ಬರುತ್ತದೆ. ಬಳ್ಳೊಳ್ಳಿಗೆ ನಾಲ್ಕು ತಿಂಗಳ ಮೇಲೆ ತಾಳ್ಮೆ ಬೇಕು.

ನೀರು ಹದವಾಗಿರಲಿ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ಇಡೀ ಸೀಮೆ ನೀರಿಗಾಗಿ ಉಸಿರು ಬಿಗಿಹಿಡಿದಿತ್ತು. ಹೊಳೆಯ ಪಕ್ಕದಲ್ಲಿದ್ದರೂ ನೀರು ಬಿಟ್ಟಿಯಲ್ಲ ಎಂದು ಮಕ್ಕಳಿಗೂ ಗೊತ್ತಾದ ದಿನವದು. ಈ ಮಡಿಗೆ ಅಕ್ಕಿ, ತರಕಾರಿ ತೊಳೆದ ನೀರೇ ಬಹುಪಾಲು ಸಾಕು. ಬೇರು ಮೇಲ್ಮೈಯಲ್ಲೇ ಇರುವುದರಿಂದ ಸ್ವಲ್ಪ ಸ್ವಲ್ಪವಾಗಿ ಕೊಡಿ. ನಿಂತರೆ ಗಡ್ಡೆ ಕೊಳೆಯುತ್ತದೆ. ಎಲೆಯ ಮೇಲೆ ಬೆಳ್ಳಿ ಗೀರು ಕಂಡರೆ ಅದು ನುಸಿಯ ಕೆಲಸ. ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಚೂರು ಸಾಬೂನು ಕಲಸಿ ಸಂಜೆ ಸಿಂಪಡಿಸಿ. ಹೆಚ್ಚಿನ ಸಲಹೆಗೆ ಹುಲಿಗಿಯ ನೆರೆಯ ಮುನಿರಾಬಾದಿನಲ್ಲೇ ತೋಟಗಾರಿಕೆ ಕಾಲೇಜಿದೆ.

ಎಲೆ ಹಳದಿಯಾಗಿ ಬಾಗಿದಾಗ, ಕೀಳಲು ಎರಡು ವಾರ ಮೊದಲೇ ನೀರು ನಿಲ್ಲಿಸಿ. ಕಿತ್ತವನ್ನು ನೆರಳಲ್ಲಿ ಒಣಗಿಸಿ, ಜಡೆ ಹೆಣೆದು ಗಾಳಿಯಾಡುವಲ್ಲಿ ತೂಗುಹಾಕಿ.

ವಾಸನೆ ಎಲ್ಲಿತ್ತು?

ಇಡೀ ಎಸಳಿಗೆ ಹೆಚ್ಚು ವಾಸನೆಯಿಲ್ಲ; ಜಜ್ಜಿದೊಡನೆ ಮೂಗಿಗೆ ಬಡಿಯುತ್ತದೆ. ಏಕೆ? ಜೀವಕೋಶ ಒಡೆದಾಗ ಆಲಿನ್ ಎಂಬ ವಸ್ತುವಿಗೆ ಆಲಿನೇಸ್ ಕಿಣ್ವ ತಾಗಿ ಆಲಿಸಿನ್ ಹುಟ್ಟುತ್ತದೆ. ಅಮೆರಿಕದ ಕ್ಯಾವಲಿಟೊ ಮತ್ತು ಬೇಯ್ಲಿ 1944ರಲ್ಲಿ ಇದನ್ನು ಬೇರ್ಪಡಿಸಿದರು. ಕಚ್ಚಿದ ಕೀಟವನ್ನು ಓಡಿಸಲು ಗಿಡ ಇಟ್ಟುಕೊಂಡ ಆಯುಧವನ್ನೇ ನಾವು ಚಟ್ನಿಗೆ ಹಾಕುತ್ತೇವೆ!

ಪಾಲಕರಿಗೊಂದು ಮಾತು. ಗಡ್ಡೆ ಬಲಿಯುವುದು ಪರೀಕ್ಷೆಯ ತಿಂಗಳಲ್ಲೇ. ಓದಿನ ನಡುವೆ ಮಗು ಹತ್ತು ನಿಮಿಷ ಮಡಿಯ ಬಳಿ ಕೂತರೆ ಗದರಬೇಡಿ. ಕಿತ್ತ ಗಡ್ಡೆಗಳಲ್ಲಿ ದಪ್ಪನೆಯ ನಾಲ್ಕನ್ನು ಅದರ ಕೈಯಿಂದಲೇ ಬೀಜಕ್ಕೆ ತೆಗೆದಿಡಿಸಿ. ಮುಂದಿನ ದಸರೆಗೆ ಪೇಟೆಗೆ ಹೋಗಬೇಕಾಗಿಲ್ಲ.