ಕಾರ್ಟೂನು ಚೆನ್ನಾಗಿದೆ ಎಂದರೇನು?

ನೆಲಮಂಗಲ ತಾಲ್ಲೂಕಿನ ಸೋಂಪುರವು ಶಿವಗಂಗೆ ಬೆಟ್ಟದ ಸೀಮೆಗೆ ಸೇರಿದ ಊರು. ಆ ಕಡೆಯಿಂದ ದಾಬಸ್‌ಪೇಟೆಗೋ ನೆಲಮಂಗಲಕ್ಕೋ ಓದಲು ಹೋಗುವ ವಿದ್ಯಾರ್ಥಿಗಳ ಬಸ್ಸಿನ ಹರಟೆಯಲ್ಲಿ ಇಂದು ಕಾರ್ಟೂನು ಧಾರಾವಾಹಿಗಳಿಗೂ ಒಂದು ಸ್ಥಾನವುಂಟು. ಇವು ಅಂತರ್ಜಾಲದ ಮೂಲಕ, ಬೇಕೆಂದಾಗ ಬೇಕೆಂದಲ್ಲಿ, ಅಂಗೈಯಲ್ಲಿರುವ ಮೊಬೈಲಿಗೇ ಹರಿದು ಬರುತ್ತವೆ. ಒಂದೇ ಸಂಚಿಕೆಯನ್ನು ನೋಡಿದ ಇಬ್ಬರು ಗೆಳೆಯರಲ್ಲಿ ಒಬ್ಬನು ಅದನ್ನು ಬಾಯ್ತುಂಬ ಹೊಗಳುತ್ತಾನೆ. ಇನ್ನೊಬ್ಬನು ತೀರ ಕಳಪೆಯೆಂದು ತಳ್ಳಿಹಾಕುತ್ತಾನೆ. ಅವರವರ ರುಚಿ ಅವರವರಿಗೆ ಎಂದು ನಾವು ಸುಮ್ಮನಾಗಬಹುದು. ಆದರೆ ವಿಜ್ಞಾನದ ವಿದ್ಯಾರ್ಥಿಯು ಕೇಳಬೇಕಾದ ಪ್ರಶ್ನೆಯೊಂದು ಉಳಿಯುತ್ತದೆ: ಅವರಿಬ್ಬರೂ ನೋಡಿದ್ದು ನಿಜವಾಗಿ ಒಂದೇ ವಸ್ತುವನ್ನೆ? ತೆರೆಯ ಮೇಲೆ ಕಾಣುವುದರಲ್ಲಿ ಚಿತ್ರಕಾರನ ಪಾಲೆಷ್ಟು, ಸಾಗಿಸಿದ ಯಂತ್ರದ ಪಾಲೆಷ್ಟು, ದನಿ ಕೊಟ್ಟವರ ಪಾಲೆಷ್ಟು ಎಂಬುದನ್ನು ಬೇರ್ಪಡಿಸದೆ ಕೊಟ್ಟ ತೀರ್ಪು ನ್ಯಾಯವಾಗಲಾರದು. ಈ ಮೂರನ್ನೂ ಒಂದೊಂದಾಗಿ ಪರಿಶೀಲಿಸೋಣ.

ಚಿತ್ರಗಳ ಲೆಕ್ಕ

ಚಲಚ್ಚಿತ್ರದಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 24 ಚೌಕಟ್ಟುಗಳು ಕಣ್ಣ ಮುಂದೆ ಹಾದುಹೋಗುತ್ತವೆ. ಹಾಗಾದರೆ 20 ನಿಮಿಷಗಳ ಒಂದು ಸಂಚಿಕೆಗೆ ಬೇಕಾದ ಚೌಕಟ್ಟುಗಳು 28,800. ಪ್ರತಿಯೊಂದಕ್ಕೂ ಹೊಸ ಚಿತ್ರವನ್ನು ಕೈಯಿಂದ ಬರೆಯುವುದೆಂದರೆ ಸಾಮಾನ್ಯ ಶ್ರಮವೆ? ಆದುದರಿಂದ ಒಂದೇ ಚಿತ್ರವನ್ನು ಎರಡು ಚೌಕಟ್ಟುಗಳ ಕಾಲ ನಿಲ್ಲಿಸುವ ಪದ್ಧತಿಯುಂಟು. ಆಗ 14,400 ಚಿತ್ರಗಳು ಸಾಕು. ಮೂರು ಚೌಕಟ್ಟುಗಳ ಕಾಲ ನಿಲ್ಲಿಸಿದರೆ 9,600.

ಜಪಾನಿನ ಒಸಾಮು ತೆಜುಕಾ ಅವರ ‘ಆಸ್ಟ್ರೋ ಬಾಯ್’ ಧಾರಾವಾಹಿಯು 1963ರ ಜನವರಿ 1ರಂದು ಅಲ್ಲಿನ ದೂರದರ್ಶನದಲ್ಲಿ ಆರಂಭವಾಯಿತು. ವಾರಕ್ಕೊಂದು ಸಂಚಿಕೆಯನ್ನು ಮುಗಿಸಲೇಬೇಕಾಗಿದ್ದ ಅವರ ತಂಡವು ಮಿತವ್ಯಯದ ಉಪಾಯಗಳನ್ನು ಅನುಸರಿಸಿತು: ದೇಹವನ್ನು ಸ್ಥಿರವಾಗಿಟ್ಟು ಬಾಯನ್ನು ಮಾತ್ರ ಆಡಿಸುವುದು, ಹಿಂದೆ ಬರೆದ ಚಿತ್ರಗಳನ್ನು ಮತ್ತೆ ಬಳಸುವುದು ಇತ್ಯಾದಿ. ಬಡತನದಿಂದ ಹುಟ್ಟಿದ ಈ ರೀತಿಯೇ ಕ್ರಮೇಣ ಒಂದು ಶೈಲಿಯಾಯಿತು. ಹೊಡೆದಾಟದ ನಡುವೆ ನಾಯಕನ ಮುಖವು ಕ್ಷಣಕಾಲ ಕದಲದೆ ನಿಂತರೆ ಅದು ಜುಗ್ಗತನವೂ ಇರಬಹುದು, ಬೇಕೆಂದೇ ಮಾಡಿದ ನಿಲುಗಡೆಯೂ ಇರಬಹುದು. ಕಥೆಗೆ ಅದರಿಂದ ಬಲ ಬಂದಿತೆ ಎಂದು ನೋಡಿ ಹೇಳಬೇಕೇ ಹೊರತು ಚಲನೆ ಕಡಿಮೆಯೆಂಬ ಒಂದೇ ಕಾರಣಕ್ಕೆ ಹಳಿಯುವುದು ತರವಲ್ಲ.

ಸಾಗಣೆಯ ಕರಾಮತ್ತು

ಇನ್ನು ಚಿತ್ರವು ನಮ್ಮನ್ನು ತಲಪುವ ಬಗೆ. ಇಂದಿನ ಪೂರ್ಣ ಹೆಚ್‌ಡಿ ಚೌಕಟ್ಟಿನಲ್ಲಿ ಅಡ್ಡಕ್ಕೆ 1,920, ಉದ್ದಕ್ಕೆ 1,080 ಬಿಂದುಗಳಿರುತ್ತವೆ. ಒಟ್ಟು 20 ಲಕ್ಷಕ್ಕೂ ಹೆಚ್ಚು. ಬಿಂದುವೊಂದಕ್ಕೆ 24 ಬಿಟ್‌ಗಳಂತೆ, ಸೆಕೆಂಡಿಗೆ 24 ಚೌಕಟ್ಟುಗಳಂತೆ ಗುಣಿಸಿದರೆ ಪ್ರತಿ ಸೆಕೆಂಡಿಗೂ ಸುಮಾರು 119 ಕೋಟಿ ಬಿಟ್‌ಗಳಾಗುತ್ತವೆ. ಇದನ್ನು ಇದ್ದಂತೆಯೇ ಸಾಗಿಸುವುದು ಅಸಾಧ್ಯದ ಮಾತು. ಒಂದು ಚೌಕಟ್ಟಿನಿಂದ ಮತ್ತೊಂದಕ್ಕೆ ಬದಲಾಗದ ಭಾಗವನ್ನು ಮತ್ತೆ ಕಳುಹಿಸದೆ, ಕಣ್ಣಿಗೆ ಗೋಚರಿಸದ ಸೂಕ್ಷ್ಮಗಳನ್ನು ಬಿಟ್ಟು, ಅದನ್ನು ಇನ್ನೂರರಲ್ಲಿ ಒಂದು ಪಾಲಿಗೂ ಕುಗ್ಗಿಸುತ್ತಾರೆ. ಬಣ್ಣಗಳು ಸಮತಟ್ಟಾಗಿ ಹರಡಿರುವ ಕಾರ್ಟೂನುಗಳಿಗೆ ಇನ್ನೂ ಕಡಿಮೆ ಸಾಕು. ಈ ಸಂಗತಿಯನ್ನು ಗಮನಿಸಿ ನೆಟ್‌ಫ್ಲಿಕ್ಸ್ ಸಂಸ್ಥೆಯು, ಎಲ್ಲ ಚಿತ್ರಗಳಿಗೂ ಒಂದೇ ಅಳತೆಯನ್ನು ಅನ್ವಯಿಸುವುದನ್ನು ಬಿಟ್ಟು ಒಂದೊಂದಕ್ಕೂ ತಕ್ಕ ಅಳತೆಯನ್ನು ನಿರ್ಧರಿಸುವ ವಿಧಾನವನ್ನು 2015ರ ಡಿಸೆಂಬರಿನಲ್ಲಿ ಪ್ರಕಟಿಸಿತು.

ಹೀಗೆ ಕುಗ್ಗಿಸಿದ ಚಿತ್ರವನ್ನು ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕನ್ನೂ ಹಲವು ದರ್ಜೆಗಳಲ್ಲಿ ಸಿದ್ಧವಾಗಿಟ್ಟಿರುತ್ತಾರೆ. ಸಂಪರ್ಕವು ಬಲವಾಗಿದ್ದರೆ ಮೊಬೈಲು ಮೇಲ್ದರ್ಜೆಯ ತುಣುಕನ್ನು ತರಿಸಿಕೊಳ್ಳುತ್ತದೆ, ದುರ್ಬಲವಾದರೆ ಕೆಳದರ್ಜೆಯದನ್ನು. ಬೆಟ್ಟದ ಮರೆಯಲ್ಲಿ ಸಂಕೇತ ಕ್ಷೀಣಿಸಿದಾಗ ನೋಡಿದವನಿಗೆ ಸಂಜೆಯ ಆಕಾಶದ ನವಿರಾದ ಕೆಂಪು ಮೆಟ್ಟಿಲು ಮೆಟ್ಟಿಲಾದ ಪಟ್ಟೆಗಳಾಗಿ ಕಂಡೀತು. ಹತ್ತಿರ ಹತ್ತಿರದ ಛಾಯೆಗಳು ಕುಗ್ಗಿಸುವಾಗ ಒಂದಾಗಿಬಿಡುವುದೇ ಇದಕ್ಕೆ ಕಾರಣ. ಕ್ಯಾಮರಾ ಹಿಡಿದ ಚಿತ್ರದ ತರಿತರಿಯು ಈ ದೋಷವನ್ನು ಮುಚ್ಚುತ್ತದೆ. ಕಾರ್ಟೂನಿನ ನುಣುಪು ಅದನ್ನು ಎತ್ತಿ ತೋರಿಸುತ್ತದೆ. ಆಕಾಶಕ್ಕೆ ಬಣ್ಣ ತುಂಬಿದವನನ್ನು ಇದಕ್ಕಾಗಿ ದೂರುವುದು ಸರಿಯೆ?

ತುಟಿಯೂ ನುಡಿಯೂ

ಮೂರನೆಯದು ದನಿ. ಅಮೆರಿಕದ ಪದ್ಧತಿಯಲ್ಲಿ ಸಾಮಾನ್ಯವಾಗಿ ಮಾತನ್ನು ಮೊದಲು ಮುದ್ರಿಸಿಕೊಂಡು, ಅದಕ್ಕೆ ಹೊಂದುವಂತೆ ತುಟಿಗಳನ್ನು ಬರೆಯುತ್ತಾರೆ. ಇಂಗ್ಲಿಷಿನ ‘ಕಮ್’ ಎಂಬಲ್ಲಿ ತುಟಿಗಳು ಕೊನೆಗೆ ಮುಚ್ಚುತ್ತವೆ. ಕನ್ನಡದ ‘ಬಾ’ ಎಂಬಲ್ಲಿ ಮೊದಲು ಮುಚ್ಚಿ ಕೊನೆಗೆ ತೆರೆಯುತ್ತವೆ. ಕನ್ನಡದ ಪದಗಳು ಬಹುಮಟ್ಟಿಗೆ ಸ್ವರಾಂತವಾದವು. ಕ್ರಿಯಾಪದವೂ ವಾಕ್ಯದ ಕೊನೆಗೆ ಬರುತ್ತದೆ. ಪರಭಾಷೆಗಾಗಿ ಬರೆದ ಬಾಯಲ್ಲಿ ಕನ್ನಡವನ್ನು ಸಹಜವಾಗಿ ನುಡಿಸುವುದು ಎಷ್ಟು ನಾಜೂಕಿನ ಕೆಲಸವೆಂಬುದು ಇದರಿಂದ ತಿಳಿದೀತು.

ಈ ಕಲೆಗೆ ನಮ್ಮಲ್ಲಿ ಬಹುಕಾಲ ಅವಕಾಶವೇ ಕಡಿಮೆಯಿತ್ತು. 2009ರಲ್ಲಿ ಆರಂಭವಾದ ಚಿಂಟು ಟಿವಿಯು ಮಕ್ಕಳಿಗೆ ಕಾರ್ಟೂನುಗಳನ್ನು ಕನ್ನಡದಲ್ಲಿ ತೋರಿಸಿತಾದರೂ, ಚಲಚ್ಚಿತ್ರರಂಗದಲ್ಲಿ ಡಬ್ಬಿಂಗಿಗೆ ದಶಕಗಳ ವಿರೋಧವಿದ್ದಿತು. ಅದಕ್ಕೆ ಅಡ್ಡಿಪಡಿಸಿದ ಸಂಸ್ಥೆಗಳಿಗೆ ಭಾರತೀಯ ಸ್ಪರ್ಧಾ ಆಯೋಗವು 2015ರ ಜುಲೈಯಲ್ಲಿ ದಂಡ ವಿಧಿಸಿತು. 2021ರಲ್ಲಿ ‘ದಿ ಲೆಜೆಂಡ್ ಆಫ್ ಹನುಮಾನ್’ ಧಾರಾವಾಹಿಯು ಕನ್ನಡದಲ್ಲಿಯೂ ದೊರೆಯಿತು. ಕನ್ನಡದ ದನಿಯನ್ನು ಆರಿಸಿ ಕೇಳುವವರಿದ್ದರೆ ಮಾತ್ರ ಅದನ್ನು ಸಿದ್ಧಪಡಿಸುವವರೂ ಇರುತ್ತಾರೆ. ಮಾತು ಕೃತಕವಾಯಿತೆಂದು ಕಂಡರೆ ಯಾವ ಪದ, ಯಾವ ಎಡೆಯಲ್ಲಿ ಎಂದು ಬೊಟ್ಟುಮಾಡಿ ಹೇಳುವ ಅಭಿಪ್ರಾಯವು ಮುಂದಿನ ಕೆಲಸವನ್ನು ತಿದ್ದಬಲ್ಲದು. ‘ಕನ್ನಡದಲ್ಲಿ ಚೆನ್ನಾಗಿಲ್ಲ’ ಎಂಬ ಬರಿಯ ತೀರ್ಪು ಬಾಗಿಲನ್ನೇ ಮುಚ್ಚಿಬಿಡಬಹುದು.

ಸರಾಸರಿಯ ಮೋಸ

ಹಲವರ ಮತವನ್ನು ಕೂಡಿಸಿದರೆ ಸತ್ಯ ಹೊರಬೀಳುವುದಿಲ್ಲವೆ ಎಂದು ಕೇಳಬಹುದು. ಹತ್ತು ಮಂದಿ ತಲಾ ಮೂರು ನಕ್ಷತ್ರ ಕೊಟ್ಟರೆ ಸರಾಸರಿ ಮೂರು. ಐವರು ಐದನ್ನೂ ಐವರು ಒಂದನ್ನೂ ಕೊಟ್ಟರೂ ಸರಾಸರಿ ಮೂರೇ! ಮೊದಲನೆಯದು ಎಲ್ಲರಿಗೂ ಸಾಧಾರಣ. ಎರಡನೆಯದು ಅರ್ಧ ಮಂದಿಗೆ ಅಚ್ಚುಮೆಚ್ಚು. ಮೇಲಾಗಿ, ಬಹಳ ಮೆಚ್ಚಿದವರೂ ಬಹಳ ಮುನಿದವರೂ ಮತ ಹಾಕುವಷ್ಟು ಉತ್ಸಾಹದಿಂದ ನಡುವಿನವರು ಹಾಕುವುದಿಲ್ಲ. ನೆಟ್‌ಫ್ಲಿಕ್ಸ್ 2017ರಲ್ಲಿ ನಕ್ಷತ್ರಗಳನ್ನೇ ಕೈಬಿಟ್ಟು ಹೆಬ್ಬೆರಳಿನ ಗುರುತನ್ನು ತಂದಿತು. ಗುರುತು ಯಾವುದಾದರೂ ಕಾರಣವನ್ನು ಅದು ಹೇಳದು. ಕಾರಣವನ್ನು ನೋಡಿದವನೇ ಹೇಳಬೇಕು.

ಇದು ಬರಿಯ ಕಾಲಹರಣದ ಮಾತೆಂದು ಭಾವಿಸಬೇಡಿ. ಈ ಕೆಲಸದ ಕೈಗಳು ನಮ್ಮಿಂದ ದೂರವಿಲ್ಲ. 2011ರ ‘ಪುಸ್ ಇನ್ ಬೂಟ್ಸ್’ ಎಂಬ ಅಮೆರಿಕದ ಅನಿಮೇಷನ್ ಚಿತ್ರದಲ್ಲಿ ಬೆಂಗಳೂರಿನ ಟೆಕ್ನಿಕಲರ್ ಕಲಾಶಾಲೆಯವರ ಪಾಲೂ ಇದ್ದಿತು. ಆ ಸಂಸ್ಥೆಯು 2025ರಲ್ಲಿ ಹಣಕಾಸಿನ ಸಂಕಟದಿಂದ ಬಾಗಿಲು ಹಾಕಿದಾಗ ಇಲ್ಲಿ ಸಾವಿರಾರು ಮಂದಿಯ ಜೀವನೋಪಾಯಕ್ಕೆ ಕುತ್ತು ಬಂದಿತು. ಸಂಚಿಕೆಯ ಕೊನೆಯಲ್ಲಿ ನಾವು ಓದದೆ ದಾಟಿಸುವ ಹೆಸರುಗಳು ಇಂಥವರವೇ.

ವಿದ್ಯಾರ್ಥಿಗಳು ಒಂದು ಸುಲಭ ಪ್ರಯೋಗವನ್ನು ಮಾಡಬಹುದು. ಯಾವುದಾದರೂ ಸಂಚಿಕೆಯ ಎರಡು ನಿಮಿಷಗಳ ಭಾಗವನ್ನು ಆರಿಸಿ, ಮೊದಲು ದನಿಯಿಲ್ಲದೆ ನೋಡಿ. ಬಳಿಕ ಕಣ್ಣು ಮುಚ್ಚಿ ಕೇಳಿ. ಕೊನೆಗೆ ಕೆಳದರ್ಜೆಯಲ್ಲೊಮ್ಮೆ, ಮೇಲ್ದರ್ಜೆಯಲ್ಲೊಮ್ಮೆ ನೋಡಿ. ಪ್ರತಿ ಬಾರಿಯೂ ಕಂಡುದನ್ನು ಒಂದು ಸಾಲಿನಲ್ಲಿ ಬರೆದಿಟ್ಟು, ಗೆಳೆಯರು ಬರೆದುದರೊಡನೆ ಹೋಲಿಸಿ. ಭೇದವು ಆಗಲೂ ಉಳಿದರೆ, ಅದು ನಿಜವಾದ ರುಚಿಭೇದ. ಅದರ ಬಗ್ಗೆ ಸಂತೋಷವಾಗಿ ವಾದಿಸಬಹುದು.