ಗಾಡಿಗೆ ಉಪ್ಪು ಹತ್ತೀತು!

ಗಾಡಿ ತೊಳೆದು ಬಿಸಿಲಿಗೆ ನಿಲ್ಲಿಸಿದಿರಿ. ಒಣಗಿದ ಮೇಲೆ ನೋಡಿದರೆ ಟಾಕಿ ಮೇಲೆ ಬಿಳಿ ಬಿಳಿ ಕಲೆ. ಇದು ಸವಳು ಬೋರಿನ ನೀರು ಬಿಟ್ಟುಹೋದ ಸುಣ್ಣ ಮತ್ತು ಉಪ್ಪು.

ಅಮೆರಿಕ, ಕೆನಡಾ ದೇಶಗಳಲ್ಲಿ ಚಳಿಗಾಲಕ್ಕೆ ರಸ್ತೆ ಮೇಲೆ ಹಿಮ ಬೀಳುತ್ತದೆ. ಅದು ಕರಗಲಿ ಅಂತ ಉಪ್ಪು ಚೆಲ್ಲುತ್ತಾರೆ. ಆ ಉಪ್ಪು ಗಾಡಿಗಳನ್ನು ತಿನ್ನುತ್ತದೆ. ನಮ್ಮ ಮುಚ್ಚಂಡಿಯಲ್ಲಿ ಹಿಮ ಎಲ್ಲಿಂದ ಬರಬೇಕು? ಆದರೆ ಗಾಡಿ ಮೇಲೆ ಪೊಟ್ಯಾಷ್ ಗೊಬ್ಬರ ತರುತ್ತೀರಲ್ಲ, ಅದೂ ಒಂದು ತರಹದ ಉಪ್ಪೇ. ಚೀಲ ಸೋರಿದರೆ ಪುಡಿ ಚೈನಿಗೆ, ಚಕ್ರಕ್ಕೆ ಬೀಳುತ್ತದೆ. ಉಪ್ಪು ತೇವ ಹಿಡಿಯುತ್ತದೆ. ತೇವ ನಿಂತಲ್ಲಿ ತುಕ್ಕು, ಅಂದರೆ ಜಂಗು, ಬೇಗ ಹತ್ತುತ್ತದೆ. ಬ್ರೇಕಿನ ಕೇಬಲ್ ಜಂಗು ತಿಂದರೆ ಇಳಿಜಾರಿನಲ್ಲಿ ಏನು ಗತಿ?

ಗೊಬ್ಬರ ತಂದ ದಿನವೇ ಪುಡಿಯನ್ನು ಬ್ರಷ್‌ನಿಂದ ಕೊಡವಿರಿ. ಆಮೇಲೆ ತೊಳೆಯಿರಿ. ಸಿಹಿನೀರಿಗೆ ಬರ ಇದ್ದರೆ, ಕೊನೆಗೆ ಒಂದು ಬಕೆಟ್ ಆದರೂ ಸಿಹಿನೀರು ಹಾಕಿರಿ. ಒಣ ಬಟ್ಟೆಯಿಂದ ಒರೆಸಿರಿ. ಚೈನಿಗೆ 90 ನಂಬರ್ ಆಯಿಲ್ ಹಚ್ಚಿರಿ. ಬ್ರೇಕಿಗೆ ಮಾತ್ರ ಆಯಿಲ್ ತಾಗಬಾರದು.

ಕೆಲವರು ಇಂಜಿನ್ ಚಾಲೂ ಮಾಡಿ, ಗೇರ್ ಹಾಕಿ, ತಿರುಗುವ ಚೈನ್ ಒರೆಸುತ್ತಾರೆ. ಬೇಗ ಆಗುತ್ತದೆ ಅಂತಾರೆ. ಬಟ್ಟೆ ಸಿಕ್ಕಿತೋ, ಬೆರಳೂ ಒಳಗೆ ಹೋಯಿತು. ಹೀಗೆ ಎಂದೂ ಮಾಡಬೇಡಿರಿ. ಇಂಜಿನ್ ಬಂದ್ ಇರಲಿ. ಚಕ್ರವನ್ನು ಕೈಯಿಂದ ತುಸು ತಿರುಗಿಸಿರಿ, ನಿಲ್ಲಿಸಿರಿ, ಆಮೇಲೆ ಒರೆಸಿರಿ.

ತೊಳೆದ ಗಾಡಿಯ ಬ್ರೇಕ್ ಒದ್ದೆ ಇರುತ್ತದೆ. ಓಣಿಯಲ್ಲೇ ಸಾವಕಾಶ ಓಡಿಸಿ, ಎರಡು ಮೂರು ಸಲ ಬ್ರೇಕ್ ಒತ್ತಿ ನೋಡಿರಿ. ಹಿಡಿದರೆ ಜತ್ತಿನ ದಾರಿ ಹಿಡಿಯಿರಿ.