ಬೆಟ್ಟದ ಎತ್ತರವನ್ನು ಬಣ್ಣದಲ್ಲಿ ಹೇಳುವ ನಕ್ಷೆ

ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಆಸ್ಪೆನ್‌ನಿಂದ ಲೆಡ್‌ವಿಲ್‌ಗೆ ಪುಟ್ಟ ವಿಮಾನದಲ್ಲಿ ಹೊರಟವರಿಗೆ ರಾಕಿ ಪರ್ವತಗಳ ಸಾಲೊಂದು ಅಡ್ಡ ಸಿಗುತ್ತದೆ. ದಾಟಲು ಇರುವ ಇಂಡಿಪೆಂಡೆನ್ಸ್ ಪಾಸ್ ಎಂಬ ಕಣಿವೆದಾರಿಯೇ 12,095 ಅಡಿ ಎತ್ತರದಲ್ಲಿದೆ. ಪಕ್ಕದ ಮೌಂಟ್ ಎಲ್ಬರ್ಟ್ ಶಿಖರ 14,400 ಅಡಿಯನ್ನೂ ಮೀರುತ್ತದೆ. ಸೆಸ್ನಾ 172ರಂಥ ವಿಮಾನಕ್ಕೆ 14,000 ಅಡಿಯ ಹತ್ತಿರ ಏರುವ ಶಕ್ತಿಯೇ ಉಡುಗುತ್ತದೆ. ಅಂದರೆ ಇಲ್ಲಿ ಬೆಟ್ಟದ ಮೇಲಿಂದ ಹಾರುವುದಲ್ಲ, ಬೆಟ್ಟಗಳ ನಡುವೆ ಹಾರುವುದು. ಇಂಥ ಕಡೆ ಪೈಲಟ್‌ಗಳ ಟ್ಯಾಬ್ಲೆಟ್‌ನಲ್ಲಿರುವ ಫೋರ್‌ಫ್ಲೈಟ್, ಗಾರ್ಮಿನ್ ಪೈಲಟ್‌ನಂಥ ಆ್ಯಪ್‌ಗಳು ನಕ್ಷೆಗೆ ಬಣ್ಣ ಹಚ್ಚಿ ಮಾಡುವ ಕೆಲಸ ನಿಜಕ್ಕೂ ಮೆಚ್ಚುವಂಥದ್ದು.

ಲೆಕ್ಕ ಸರಳ. ಟ್ಯಾಬ್ಲೆಟ್‌ನೊಳಗೆ ನೆಲದ ಪ್ರತಿ ಚೌಕದ ಎತ್ತರವೂ ದಾಖಲಾಗಿರುತ್ತದೆ. ವಿಮಾನ ಎಲ್ಲಿದೆ, ಎಷ್ಟು ಎತ್ತರದಲ್ಲಿದೆ ಎಂಬುದನ್ನು ಜಿಪಿಎಸ್ ತಿಳಿಸುತ್ತದೆ. ಆ್ಯಪ್ ಒಂದರಿಂದ ಇನ್ನೊಂದನ್ನು ಕಳೆಯುತ್ತದೆ. ನೆಲ ವಿಮಾನದ ಕೆಳಗೆ ಸಾವಿರ ಅಡಿಯೊಳಗಿದ್ದರೆ ಹಳದಿ. ನೂರು ಅಡಿಯೊಳಗಿದ್ದರೆ ಅಥವಾ ವಿಮಾನಕ್ಕಿಂತಲೂ ಮೇಲಿದ್ದರೆ ಕೆಂಪು. ವಿಮಾನ ಏರಿದಂತೆ, ಇಳಿದಂತೆ ಬಣ್ಣಗಳೂ ಬದಲಾಗುತ್ತ ಹೋಗುತ್ತವೆ.

ಇದರ ಹಿಂದೆ ದೊಡ್ಡ ದುಡಿಮೆಯಿದೆ. ಡಾನ್ ಬೇಟ್‌ಮನ್ ಎಂಬ ಎಂಜಿನಿಯರ್ ಮೊದಲು ರೂಪಿಸಿದ ಎಚ್ಚರಿಕೆಯ ಸಾಧನ ರೇಡಿಯೊ ಅಲೆಗಳಿಂದ ವಿಮಾನದ ಕೆಳಗಿನ ನೆಲವನ್ನಷ್ಟೇ ಅಳೆಯುತ್ತಿತ್ತು. ಎದುರಿಗೆ ದಿಢೀರನೆ ಎದ್ದು ನಿಂತ ಬೆಟ್ಟ ಅದಕ್ಕೆ ಕಾಣುತ್ತಿರಲಿಲ್ಲ. ಹಾಗಾಗಿ 1990ರ ದಶಕದಲ್ಲಿ ಅವರ ತಂಡ ಜಗತ್ತಿನ ನೆಲದ ಎತ್ತರಗಳನ್ನೇ ಸಾಧನದೊಳಗೆ ತುಂಬಿತು. ಮುಂದೆ 2000ದ ಫೆಬ್ರುವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ 60 ಮೀಟರ್ ಉದ್ದದ ಕಂಬ ಚಾಚಿ, ಎರಡು ತುದಿಗಳ ರೇಡಾರ್ ಆಂಟೆನಾಗಳಿಂದ ಭೂಭಾಗದ ಸುಮಾರು ಶೇ 80ರಷ್ಟನ್ನು 11 ದಿನಗಳ ಯಾನದಲ್ಲಿ ಅಳೆಯಿತು. ಕಡಿದಾದ ಕಮರಿಗಳು ರೇಡಾರ್‌ಗೆ ಮರೆಯಾಗಿ ಖಾಲಿ ಉಳಿದವು. ಅವನ್ನು ಆಮೇಲೆ ಬೇರೆ ಮೂಲಗಳಿಂದ ತುಂಬಬೇಕಾಯಿತು.

ಈ ಆ್ಯಪ್‌ಗಳ ನಿಜವಾದ ಸೊಗಸು ಹೊರಡುವ ಮೊದಲೇ ಕಾಣುತ್ತದೆ. ಆಸ್ಪೆನ್‌ನ ನೆಲದ ಮೇಲೆ ಕುಳಿತೇ ನಕ್ಷೆಯಲ್ಲಿ ಹಾರುವ ಎತ್ತರವನ್ನು 12,000 ಅಡಿಗೆ ಇಟ್ಟು ನೋಡಿ: ಕಣಿವೆದಾರಿಯ ನೆತ್ತಿ ಕೆಂಪು. 12,500ಕ್ಕೆ ಸರಿಸಿದರೆ ಹಳದಿ. 13,500ಕ್ಕೆ ಒಯ್ದರೆ ದಾರಿ ತಿಳಿಯಾಗುತ್ತದೆ, ಆದರೆ ಅಕ್ಕಪಕ್ಕದ ಎತ್ತರದ ಶಿಖರಗಳು ಕೆಂಪಾಗಿಯೇ ಉಳಿಯುತ್ತವೆ. ತಿರುಗಲು ಎಷ್ಟು ಜಾಗವಿದೆ ಎಂಬುದು ಆ ಕೆಂಪುಗಳ ನಡುವೆಯೇ ಕಾಣುತ್ತದೆ. ಅಡ್ಡನೋಟದ ಚಿತ್ರ ತೆರೆದರೆ ನೆಲದ ಏರಿಳಿತವೂ ಹಾರುವ ಗೆರೆಯೂ ಒಂದೇ ಕಡೆ ಸಿಗುತ್ತವೆ. ಎಲ್ಲಿಂದ ಏರಲು ತೊಡಗಬೇಕೆಂದು ಅಲ್ಲೇ ನಿರ್ಧರಿಸಬಹುದು.

ಬಣ್ಣಗಳಿಗೆ ನೆಲ ಗೊತ್ತು, ಗಾಳಿ ಗೊತ್ತಿಲ್ಲ. ಬಂಡೆ ದಾಟಿದ ಹೊಳೆನೀರು ಆಚೆ ಬದಿಗೆ ಧುಮುಕುವಂತೆ, ಬೆಟ್ಟಸಾಲನ್ನು ದಾಟಿದ ಗಾಳಿಯೂ ಮರೆಯ ಬದಿಯಲ್ಲಿ ಕೆಳಗಿಳಿಯುತ್ತದೆ, ವಿಮಾನವನ್ನೂ ಎಳೆದೊಯ್ಯುತ್ತದೆ. ಅದಕ್ಕೇ ಬೆಟ್ಟದ ಪೈಲಟ್‌ಗಳು ಸಾಲಿಗೆ ನೇರವಾಗಿ ಹೋಗದೆ 45 ಡಿಗ್ರಿ ಓರೆಯಾಗಿ ಹೋಗುತ್ತಾರೆ: ಗಾಳಿ ಕೆಳಗೆಳೆದರೆ ಸ್ವಲ್ಪವೇ ಹೊರಳಿ ತಗ್ಗಿನ ಕಡೆಗೆ ಸರಿಯಬಹುದು. ಬಿಸಿಲು ಏರಿದರೆ ಗಾಳಿ ಇನ್ನೂ ತೆಳುವಾಗುತ್ತದೆ. 9,934 ಅಡಿಯಲ್ಲಿರುವ ಲೆಡ್‌ವಿಲ್ ನಿಲ್ದಾಣದಲ್ಲಿ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ಇದ್ದರೆ ವಿಮಾನದ ಪಾಲಿಗೆ ಅದು ಸುಮಾರು 13,000 ಅಡಿಗೆ ಸಮ.

ಸಾವಿರ ಅಡಿಯ ಅಂತರ ಸಾಕೇ ಸಾಲದೇ ಎಂಬುದನ್ನು ಆ ದಿನದ ಗಾಳಿ ನೋಡಿ ಪೈಲಟ್ಟೇ ತೀರ್ಮಾನಿಸಬೇಕು. ಆ ತೀರ್ಮಾನವನ್ನು ಕಣಿವೆಯೊಳಗಲ್ಲ, ಎಂಜಿನ್ ಚಾಲೂ ಮಾಡುವ ಮೊದಲೇ ಕೈಗೊಳ್ಳಲು ಬೇಕಾದಷ್ಟು ವಿವರವನ್ನು ಈ ನಕ್ಷೆ ಕೊಡುತ್ತದೆ.